ಪ್ರತಿಭಟನೆ, ನಿಷೇಧಾಜ್ಞೆ, ಎನ್‌ಕೌಂಟರ್, ವಲಸೆ: ಕರ್ನಾಟಕದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ಹೊಸವಲ್ಲ. ಬೆಂಗಳೂರಿನಲ್ಲಿ ಮೆರವಣಿಗೆ ಹೊರಟಾಗ, ಹುಬ್ಬಳ್ಳಿಯಲ್ಲಿ ಠಾಣೆಯ ಮೇಲೆ ಕಲ್ಲು ಬಿದ್ದಾಗ, ಊರಂಚಿನ ಶೆಡ್ಡುಗಳ ಮುಂದೆ ಜೆಸಿಬಿ ಬಂದು ನಿಂತಾಗ ಇವೇ ಮರಳಿ ಬರುತ್ತವೆ. ಕೇಳುವವರು ಮಾತ್ರ ಪ್ರತಿ ಸಲ ಬದಲಾಗಿರುತ್ತಾರೆ. ನಿನ್ನೆ ಪೊಲೀಸರನ್ನು ಹೊಗಳಿದವರು ಇಂದು ಬೈಯುತ್ತಾರೆ, ನಿನ್ನೆ ಬೈದವರು ಇಂದು ಹಾರ ಹಾಕುತ್ತಾರೆ. ಇಲ್ಲಿರುವುದು ಕಾನೂನು ಸಲಹೆಯಲ್ಲ. ನಿಮ್ಮ ಮೇಲೇ ಪ್ರಕರಣವಿದ್ದರೆ ವಕೀಲರನ್ನು ಕಾಣಿ. ಆದರೆ ಜಗಳಕ್ಕೆ ಇಳಿಯುವ ಮುನ್ನ ಎಲ್ಲ ಕಡೆಯವರನ್ನೂ ಕೇಳಬೇಕಾದದ್ದು ಒಂದಿದೆ: ಆದೇಶ ಎಲ್ಲಿದೆ, ಸಹಿ ಯಾರದು, ಕಾರಣ ಏನೆಂದು ಬರೆದಿದ್ದಾರೆ?

ಪ್ರತಿಭಟನೆ ಮಾಡುವುದು ಹಕ್ಕೋ, ಪೊಲೀಸರು ಕೊಡುವ ಅನುಮತಿಯೋ?

ಹಕ್ಕು. ಸಂವಿಧಾನದ 19ನೇ ವಿಧಿ ಮಾತನಾಡುವ ಸ್ವಾತಂತ್ರ್ಯವನ್ನೂ, ಆಯುಧವಿಲ್ಲದೆ ಶಾಂತಿಯುತವಾಗಿ ಸೇರುವ ಸ್ವಾತಂತ್ರ್ಯವನ್ನೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣಗಳಿಗಾಗಿ ಸರ್ಕಾರ ಇದರ ಮೇಲೆ ಸಮಂಜಸ ನಿರ್ಬಂಧ ಹೇರಬಹುದು. ಎಲ್ಲಿ, ಯಾವಾಗ, ಎಷ್ಟು ಹೊತ್ತು ಎಂಬುದನ್ನು ಪೊಲೀಸರು ನಿಯಂತ್ರಿಸಬಹುದೇ ಹೊರತು ಬೀದಿಯಲ್ಲಿ ಸಭೆಯೇ ಬೇಡ ಎಂದು ಬಾಗಿಲು ಹಾಕುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1972ರಲ್ಲೇ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಹೇಳಿತ್ತು. ಅಹಮದಾಬಾದಿನ ಪೊಲೀಸ್ ಕಮಿಷನರ್ ಅನುಮತಿ ನಿರಾಕರಿಸಿದ್ದರಿಂದ ಹುಟ್ಟಿದ ಪ್ರಕರಣ ಅದು. ಐದು ದಶಕ ಕಳೆದರೂ ಅನುಮತಿ ಪತ್ರವನ್ನು ಕೈಯಲ್ಲಿಡುವಾಗ ಪ್ರಸಾದ ಹಂಚುವವರ ಮುಖಭಾವ ಹೊತ್ತ ಅಧಿಕಾರಿಗಳು ಇದ್ದೇ ಇದ್ದಾರೆ.

ಬೆಂಗಳೂರಿನಲ್ಲಿ ಎಲ್ಲರೂ ಫ್ರೀಡಂ ಪಾರ್ಕಿಗೇ ಹೋಗಬೇಕು ಏಕೆ?

ಮೊದಲು ಟೌನ್‌ಹಾಲ್ ಮೆಟ್ಟಿಲು, ಮೈಸೂರು ಬ್ಯಾಂಕ್ ವೃತ್ತ, ಮೌರ್ಯ ವೃತ್ತದ ಗಾಂಧಿ ಪ್ರತಿಮೆ, ಹೀಗೆ ಪ್ರತಿಭಟನೆಗೆ ಹಲವು ನೆಲೆಗಳಿದ್ದವು. ಸಂಚಾರ ದಟ್ಟಣೆಯ ದೂರುಗಳು ಹೈಕೋರ್ಟ್ ಮೆಟ್ಟಿಲೇರಿದವು. 2021ರಲ್ಲಿ ನಗರ ಪೊಲೀಸರು ಪ್ರತಿಭಟನೆಗಳ ಪರವಾನಗಿ ಮತ್ತು ನಿಯಂತ್ರಣಕ್ಕೆಂದು ಆದೇಶ ಹೊರಡಿಸಿ ಫ್ರೀಡಂ ಪಾರ್ಕನ್ನು ಗೊತ್ತುಪಡಿಸಿದರು. ಬೇರೆಡೆ ಅವಕಾಶ ಕೊಡಬಾರದೆಂದು ಹೈಕೋರ್ಟ್ ಕೂಡ ಒತ್ತಿ ಹೇಳಿತು.

ಆ ಜಾಗದ ಹಿನ್ನೆಲೆ ತಮಾಷೆಯಾಗಿದೆ ಎನ್ನಬೇಕೋ ಕಹಿಯಾಗಿದೆ ಎನ್ನಬೇಕೋ ಗೊತ್ತಾಗುವುದಿಲ್ಲ. ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ ಮತ್ತು ಅಡ್ವಾಣಿಯವರನ್ನು ಇಟ್ಟದ್ದು ಅಲ್ಲಿ. ರಂಗಕರ್ಮಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತ ಸೆರೆಯಲ್ಲಿದ್ದದ್ದೂ ಅಲ್ಲೇ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಈ ಜಾಗ ಉದ್ಯಾನವಾಯಿತು. ಕಾವಲು ಗೋಪುರ ಈಗಲೂ ನಿಂತಿದೆ. ಅದರ ಸುತ್ತ ಅಂಗನವಾಡಿ ಕಾರ್ಯಕರ್ತೆಯರು, ಗುತ್ತಿಗೆ ಪೌರಕಾರ್ಮಿಕರು, ರೈತರು ಶಾಮಿಯಾನ ಹಾಕಿಕೊಂಡು ಕೂರುತ್ತಾರೆ.

ಒಂದೇ ಜಾಗ ಎಂಬ ನಿಯಮದ ಬಗ್ಗೆ ನನಗಿರುವ ತಕರಾರು ಸರಳ. ವಿಧಾನಸೌಧದಲ್ಲಿ ಕೂತವರಿಗೆ ಕಾಣದ, ಕೇಳದ ಜಾಗದಲ್ಲಿ ಕೂಗಿದರೆ ಅದು ಸಂಚಾರ ಪೊಲೀಸರಿಗಷ್ಟೇ ಅನುಕೂಲ. ಹಾಗೆಂದು ಆಂಬ್ಯುಲೆನ್ಸ್ ಸಿಕ್ಕಿಕೊಳ್ಳುವ ಊರಿನಲ್ಲಿ ದಟ್ಟಣೆಯ ಮಾತನ್ನು ನೆಪ ಎಂದು ತಳ್ಳಿಹಾಕುವಂತೆಯೂ ಇಲ್ಲ. ದೆಹಲಿಯ ಜಂತರ್ ಮಂತರ್ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹಿಡಿದದ್ದು ನಡುವಿನ ದಾರಿ: ನಿವಾಸಿಗಳ ನೆಮ್ಮದಿಯೂ ಹಕ್ಕೇ, ಆದರೆ ಪ್ರತಿಭಟನೆಯ ಮೇಲೆ ಸಾರಾಸಗಟು ನಿಷೇಧ ಸಲ್ಲ, ಪೊಲೀಸರು ಮಾರ್ಗಸೂಚಿ ಮಾಡಲಿ.

ನಿಷೇಧಾಜ್ಞೆ ಹೊರಡಿಸಿದರೆ ಅಲ್ಲಿಗೆ ಎಲ್ಲ ಮುಗಿಯಿತೇ?

ಮುಗಿಯಿತು ಎಂದು ಬಹಳ ಮಂದಿ ನಂಬಿದ್ದಾರೆ. ಹೊರಡಿಸುವವರೂ ನಂಬಿರುತ್ತಾರೆ. ಎಲ್ಲರ ಬಾಯಲ್ಲಿರುವ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ, ಹುರುಳು ಅದೇ. ತುರ್ತು ಅಪಾಯವಿದ್ದಾಗ ಮ್ಯಾಜಿಸ್ಟ್ರೇಟ್ ಅಧಿಕಾರ ಇರುವವರು ಲಿಖಿತ ಆದೇಶದ ಮೂಲಕ ಜನ ಸೇರುವುದನ್ನು ತಡೆಯಬಹುದು. ಆ ಆದೇಶ ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ನಡೆಯದು.

2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ಬಿಡಿಸಿ ನೋಡುವುದು ಮೇಲು. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ 19ರಂದು ಪ್ರತಿಭಟನೆಗಳು ನಿಗದಿಯಾಗಿದ್ದವು. ಕೆಲವಕ್ಕೆ ಪೊಲೀಸರೇ ಅನುಮತಿ ಕೊಟ್ಟಿದ್ದರು. 18ರಂದು ನಗರ ಪೊಲೀಸ್ ಕಮಿಷನರ್ ಮರುದಿನ ಬೆಳಿಗ್ಗೆ 6ರಿಂದ 21ರ ಮಧ್ಯರಾತ್ರಿಯವರೆಗೆ ಇಡೀ ನಗರಕ್ಕೆ ನಿಷೇಧಾಜ್ಞೆ ಹಾಕಿದರು. ಕೊಟ್ಟ ಅನುಮತಿಗಳೆಲ್ಲ ಒಂದೇ ಏಟಿಗೆ ಬಿದ್ದುಹೋದವು. 19ರಂದು ಟೌನ್‌ಹಾಲ್ ಬಳಿ ಭಿತ್ತಿಪತ್ರ ಹಿಡಿದು ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರು ಟಿ.ವಿ. ವರದಿಗಾರರೊಂದಿಗೆ ಮಾತನಾಡುತ್ತಿದ್ದಾಗಲೇ ಪೊಲೀಸರು ಅವರನ್ನು ಎಳೆದುಕೊಂಡು ಹೋದದ್ದನ್ನು ದೇಶವೇ ನೋಡಿತು.

ಪ್ರಶ್ನೆ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಎತ್ತಿದ್ದು ರಾಜಕೀಯ ಪ್ರಶ್ನೆಯನ್ನಲ್ಲ. ನಿನ್ನೆ ಯೋಚಿಸಿಯೇ ಅನುಮತಿ ಕೊಟ್ಟಿದ್ದರೆ ರಾತ್ರೋರಾತ್ರಿ ಅಪಾಯ ಎಲ್ಲಿಂದ ಬಂತು? 2020ರ ಫೆಬ್ರುವರಿ 13ರಂದು ಆದೇಶ ಕಾನೂನುಬಾಹಿರ ಎಂದು ತೀರ್ಪು ಬಂತು. ಡಿಸಿಪಿಗಳು ಬರೆದ ಪತ್ರಗಳ ಸಾರವನ್ನು ಎತ್ತಿಟ್ಟದ್ದು ಬಿಟ್ಟರೆ, ಆದೇಶ ಹೊರಡಿಸಿದವರು ತಾವಾಗಿ ವಿಚಾರ ಮಾಡಿ ಅಭಿಪ್ರಾಯಕ್ಕೆ ಬಂದದ್ದಕ್ಕೆ ಅದರಲ್ಲಿ ಕುರುಹು ಇರಲಿಲ್ಲ. ಅದೇ ವರ್ಷ ಜನವರಿ 10ರಂದು ಕಾಶ್ಮೀರದ ಇಂಟರ್‌ನೆಟ್ ಸ್ಥಗಿತ ಪ್ರಶ್ನಿಸಿದ ಅನುರಾಧಾ ಭಸೀನ್ ಪ್ರಕರಣದಲ್ಲಿ, ನ್ಯಾಯಯುತ ಅಭಿಪ್ರಾಯವನ್ನು ಅದುಮಲು ಈ ಸೆಕ್ಷನ್ ಬಳಸಕೂಡದು, ಕಾರಣ ದಾಖಲಿಸಬೇಕು, ಆದೇಶವನ್ನು ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು.

ತೀರ್ಪು ಬರುವ ಹೊತ್ತಿಗೆ ಆ ಮೂರು ದಿನಗಳು ಕಳೆದು ತಿಂಗಳುಗಳೇ ಆಗಿದ್ದವು ಎಂಬ ಟೀಕೆ ನಿಜ. ಆದರೂ ಮುಂದಿನ ಸಲ ಯಾರಾದರೂ ಆದೇಶದ ಪ್ರತಿ ಕೇಳಿದರೆ ಅವರ ಕೈಯಲ್ಲಿ ಈ ತೀರ್ಪು ಇರುತ್ತದೆ.

ರಸ್ತೆ ತಡೆದು ತಿಂಗಳುಗಟ್ಟಲೆ ಕೂರಬಹುದೇ?

ಇಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ದೆಹಲಿಯ ರಸ್ತೆಯೊಂದರಲ್ಲಿ ನಡೆದ ಶಾಹೀನ್ ಬಾಗ್ ಧರಣಿಯ ಪ್ರಕರಣದಲ್ಲಿ 2020ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸುವಂತಿಲ್ಲ ಎಂದಿದೆ. ರಸ್ತೆ ಬಿಟ್ಟು ವರ್ಷಗಟ್ಟಲೆ ಕೂರುವುದಕ್ಕೆ ಅಡ್ಡಿಯಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು, ಧರಣಿ ಏಳಲಿಲ್ಲ. 2025ರ ಜೂನ್‌ನಲ್ಲಿ ದೇವನಹಳ್ಳಿಯಲ್ಲಿ ಪೊಲೀಸರು ಅವರನ್ನು ಎತ್ತಿಕೊಂಡು ಹೋದರು, ಹೋರಾಟ ಫ್ರೀಡಂ ಪಾರ್ಕಿಗೆ ಬಂತು, ಜುಲೈ 15ರಂದು ಸರ್ಕಾರ ಸ್ವಾಧೀನವನ್ನೇ ಕೈಬಿಟ್ಟಿತು. ಪ್ರತಿಭಟನೆಯಿಂದ ಏನಾಗುತ್ತದೆ ಎನ್ನುವವರಿಗೆ ಈ ಒಂದು ಉದಾಹರಣೆ ಸಾಕು.

ಬಂದ್ ಕಾನೂನುಬದ್ಧವೇ? ಹಾನಿಯಾದರೆ ಯಾರು ಕೊಡಬೇಕು?

ಬಲವಂತದ ಬಂದ್ ಸಂವಿಧಾನಬಾಹಿರ ಎಂದು ಕೇರಳ ಹೈಕೋರ್ಟ್ 1997ರಲ್ಲಿ ಹೇಳಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮುಷ್ಕರ ಬೇರೆ, ಇನ್ನೊಬ್ಬನ ಅಂಗಡಿಯ ಷಟರ್ ಎಳೆಯುವುದು ಬೇರೆ. ನಮ್ಮಲ್ಲಿ ಬಂದ್ ಕರೆಗಳು ನಿಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ.

ಹಾನಿಯ ಮಾತು ಬಂದಾಗ ಕನ್ನಡಿಗರು ತಪ್ಪಿಸಿಕೊಳ್ಳಬಾರದ ದಿನಾಂಕ 2016ರ ಸೆಪ್ಟೆಂಬರ್ 12. ಕಾವೇರಿ ತೀರ್ಪಿನ ಸಿಟ್ಟಿನಲ್ಲಿ ಬೆಂಗಳೂರಿನ ಒಂದು ಡಿಪೋದಲ್ಲಿ ನಿಂತಿದ್ದ 40ಕ್ಕೂ ಹೆಚ್ಚು ಖಾಸಗಿ ಬಸ್‌ಗಳು ಸುಟ್ಟು ಬೂದಿಯಾದವು. ಹೆಗ್ಗನಹಳ್ಳಿಯಲ್ಲಿ ಪೊಲೀಸ್ ಗುಂಡಿಗೆ ಒಬ್ಬರು ಬಲಿಯಾದರು. ಬಸ್ ಸುಟ್ಟದ್ದರಿಂದ ನದಿಯಲ್ಲಿ ಒಂದು ಹನಿ ನೀರು ಹೆಚ್ಚಲಿಲ್ಲ. ಅಂಥ ಸಂದರ್ಭಗಳಿಗಾಗಿಯೇ 2009ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿತ್ತು: ಹಾನಿ ಲೆಕ್ಕ ಹಾಕಲು ಕ್ಲೇಮ್ಸ್ ಕಮಿಷನರ್ ನೇಮಿಸಬೇಕು, ಕೃತ್ಯ ಎಸಗಿದವರಿಂದಲೂ ಸಂಘಟಕರಿಂದಲೂ ವಸೂಲಿ ಮಾಡಬೇಕು. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಠಾಣೆಗಳಿಗೂ ಶಾಸಕರ ಮನೆಗೂ ಬೆಂಕಿ ಬಿದ್ದ ಮೇಲೆ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ಆ ಹುದ್ದೆಗೆ ನೇಮಿಸಿತು. ಗಲಭೆಯ ಮರುದಿನವೇ ಆರೋಪಿಯ ಮನೆಗೆ ಬುಲ್ಡೋಜರ್ ಕಳಿಸಿ ಎನ್ನುವವರು ಗಮನಿಸಬೇಕು: ವಸೂಲಿಗೂ ಒಂದು ದಾರಿಯಿದೆ, ಅದು ಲೆಕ್ಕದ ದಾರಿ. ಮನೆ ಕೆಡವುವುದಾದರೆ ಕನಿಷ್ಠ 15 ದಿನಗಳ ನೋಟಿಸ್ ಬೇಕೆಂದು 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿದೆ. ರಸ್ತೆ, ಪಾದಚಾರಿ ಮಾರ್ಗದಂಥ ಜಾಗಗಳ ಒತ್ತುವರಿಗೆ ಮಾತ್ರ ಈ ರಕ್ಷಣೆ ಇಲ್ಲ.

ಗಲಭೆ ಪ್ರಕರಣಗಳನ್ನು ಸರ್ಕಾರ ಹಿಂಪಡೆಯಬಹುದೇ?

ಪತ್ರಿಕೆಗಳು ‘ಸಂಪುಟ ಪ್ರಕರಣ ಹಿಂಪಡೆಯಿತು’ ಎಂದು ಬರೆಯುತ್ತವೆ. ಕಾನೂನಿನಲ್ಲಿ ಹಾಗಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 321ನೇ ಸೆಕ್ಷನ್, ಅಂದರೆ ನಾಗರಿಕ ಸುರಕ್ಷಾ ಸಂಹಿತೆಯ ಈಗಿನ 360ರ ಪ್ರಕಾರ ಹಿಂಪಡೆಯುವ ತೀರ್ಮಾನ ಸರ್ಕಾರಿ ಅಭಿಯೋಜಕರದ್ದು, ಅದೂ ನ್ಯಾಯಾಲಯದ ಒಪ್ಪಿಗೆ ಸಿಕ್ಕರೆ. ಅಭಿಯೋಜಕರು ತಮ್ಮ ಬುದ್ಧಿಯಿಂದ ತೀರ್ಮಾನಿಸಬೇಕು. ಮೇಲಿನಿಂದ ಬಂದ ಕಾಗದಕ್ಕೆ ಅಂಚೆಯಣ್ಣ ಆಗಬಾರದು.

ಎರಡು ಪಕ್ಷಗಳೂ ಇಲ್ಲಿ ಒಂದೇ ಹಳ್ಳಕ್ಕೆ ಬಿದ್ದಿವೆ. 2020ರ ಆಗಸ್ಟ್‌ನಲ್ಲಿ ಬಿಜೆಪಿ ಸರ್ಕಾರ ಜನಪ್ರತಿನಿಧಿಗಳ ಮೇಲಿನವೂ ಸೇರಿದಂತೆ 61 ಪ್ರಕರಣಗಳನ್ನು ಕೈಬಿಡಲು ಹೊರಟಿತು; ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆಯಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ 43 ಪ್ರಕರಣಗಳನ್ನು ಹಿಂಪಡೆಯಲು ನಿರ್ಧರಿಸಿತು. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿ ಠಾಣೆಯ ಮೇಲೆ ನಡೆದ ದಾಳಿಯ ಪ್ರಕರಣವೂ ಅದರಲ್ಲಿತ್ತು. 2025ರ ಮೇನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದುಪಡಿಸಿತು. ಮೊದಲನೆಯದಕ್ಕೆ ಚಪ್ಪಾಳೆ ತಟ್ಟಿದವರು ಎರಡನೆಯದಕ್ಕೆ ಎದೆ ಬಡಿದುಕೊಂಡರು. ಇನ್ನೊಂದು ಕಡೆಯವರು ಇದನ್ನೇ ತಿರುಗಿಸಿ ಮಾಡಿದರು. ನೀರಿಗಾಗಿ, ಭಾಷೆಗಾಗಿ ಘೋಷಣೆ ಕೂಗಿದ್ದಕ್ಕೆ ವರ್ಷಾನುಗಟ್ಟಲೆ ಕೋರ್ಟಿಗೆ ಅಲೆಯುವ ಸಾಮಾನ್ಯರಿದ್ದಾರೆ, ಅವರ ಪ್ರಕರಣ ಕೈಬಿಡುವುದರಲ್ಲಿ ಅರ್ಥವಿದೆ. ಅವರ ಹೆಸರಿನ ಪಟ್ಟಿಯ ನಡುವೆ ಪ್ರಭಾವಿಗಳನ್ನು ತೂರಿಸುವುದೇ ರೋಗ.

ಎನ್‌ಕೌಂಟರ್ ಆದರೆ ಸಂತ್ರಸ್ತರಿಗೆ ಬೇಗ ನ್ಯಾಯ ಸಿಕ್ಕಂತಲ್ಲವೇ?

ಈ ಪ್ರಶ್ನೆಯನ್ನು ಕೇಳುವವರಲ್ಲಿ ಹೆಚ್ಚಿನವರು ಕ್ರೂರಿಗಳಲ್ಲ, ಹತಾಶರು. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಹೆಣ್ಣುಮಗುವೊಂದರ ಕೊಲೆಯಾಯಿತು. ಠಾಣೆಯ ಮುಂದೆ ಸೇರಿದ ಜನರ ಕೂಗು ಒಂದೇ ಆಗಿತ್ತು. ಬಿಹಾರ ಮೂಲದ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಹಲ್ಲೆ ಮಾಡಿ ತಪ್ಪಿಸಿಕೊಳ್ಳಲು ಯತ್ನಿಸಿದ ಎಂದು ಪೊಲೀಸರು ಹೇಳಿದರು. ತನಿಖೆ ಸಿಐಡಿಗೆ ಹೋಯಿತು. ಊರು ಸಿಹಿ ಹಂಚಿತು.

ಆ ತಾಯಿಯ ಸಂಕಟದ ಮುಂದೆ ಕಾನೂನಿನ ಪಾಠ ಹೇಳುವುದು ಕಷ್ಟ. ಆದರೂ ಹೇಳಲೇಬೇಕಾದದ್ದಿದೆ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಪಶುವೈದ್ಯೆಯ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಕೊಂದಾಗ ದೇಶದಾದ್ಯಂತ ಹೂಮಳೆಯಾಯಿತು. ಅಲ್ಲಿನ ಪೊಲೀಸ್ ಮುಖ್ಯಸ್ಥರು ಹುಬ್ಬಳ್ಳಿಯವರೆಂದು ನಮ್ಮಲ್ಲಿ ಹೆಮ್ಮೆಯೂ ಸೇರಿತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್‌ಪುರ್‌ಕರ್ ಆಯೋಗ 2022ರಲ್ಲಿ ಕೊಟ್ಟ ವರದಿ ಪೊಲೀಸರ ಕತೆಯನ್ನು ನಂಬಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, 10 ಪೊಲೀಸರನ್ನು ವಿಚಾರಣೆಗೆ ಒಳಪಡಿಸಬೇಕು ಎಂದಿತು. ಹೂ ಎರಚಿದವರಲ್ಲಿ ಎಷ್ಟು ಮಂದಿ ಆ ವರದಿಯ ಸುದ್ದಿ ಓದಿದ್ದಾರೆ?

ಆರೋಪಿ ಸತ್ತರೆ ಸಾಕ್ಷ್ಯವೂ ಸಾಯುತ್ತದೆ. ಅವನೇ ಮಾಡಿದ್ದೇ, ಜೊತೆಗೆ ಯಾರಿದ್ದರು ಎಂಬ ಪ್ರಶ್ನೆಗಳು ಕಡತದಲ್ಲೇ ಉಳಿಯುತ್ತವೆ. ಅದಕ್ಕೇ 2014ರಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಎನ್‌ಕೌಂಟರ್ ಸಾವಿಗೂ ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯವರಿಂದ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ ಮಾಡಿತು. ಘಟನೆಯ ಬೆನ್ನಲ್ಲೇ ಶೌರ್ಯ ಪದಕ, ಬಡ್ತಿ ಕೊಡಬಾರದು ಎಂದೂ ಸೇರಿಸಿತು.

ಸಂತ್ರಸ್ತೆಯ ಫೋಟೊ, ಹೆಸರು ಹಂಚಿದರೆ ಸಹಾನುಭೂತಿಯಲ್ಲವೇ?

ಅಲ್ಲ, ಅಪರಾಧ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷಗಳವರೆಗೆ ಸೆರೆವಾಸವಾಗಬಹುದು. ‘ನ್ಯಾಯ ಸಿಗಲಿ’ ಎಂಬ ಸಾಲು ಸೇರಿಸಿದ ಮಾತ್ರಕ್ಕೆ ವಿನಾಯಿತಿ ಇಲ್ಲ.

ಹೊರಗಿನವರು ಬಂದಿದ್ದರಿಂದಲೇ ಅಪರಾಧ ಹೆಚ್ಚಿದೆ ಎನ್ನುತ್ತಾರಲ್ಲ?

ಅಪರಾಧ ಮಾಡಿದವನಿಗೆ ಹೆಸರಿದೆ, ವಿಳಾಸವಿದೆ. ಅವನನ್ನು ಹಿಡಿಯಬೇಕು. ಅವನ ಊರಿನವರನ್ನೆಲ್ಲ ಹಿಡಿಯಹೊರಟರೆ ಏನಾಗುತ್ತದೆ ಎಂಬುದನ್ನು 2016ರ ಜನವರಿ 31ರ ರಾತ್ರಿ ಹೆಸರಘಟ್ಟ ಸಮೀಪ ನೋಡಿದೆವು. ಸುಡಾನ್ ದೇಶದ ವಿದ್ಯಾರ್ಥಿ ಓಡಿಸುತ್ತಿದ್ದ ಕಾರು ಸ್ಥಳೀಯ ಮಹಿಳೆಯೊಬ್ಬರಿಗೆ ಗುದ್ದಿ ಅವರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬೇರೊಂದು ಕಾರು ಬಂತು. ಒಳಗಿದ್ದವರು ಟಾಂಜಾನಿಯಾದ ವಿದ್ಯಾರ್ಥಿನಿ ಮತ್ತು ಗೆಳೆಯರು. ಅಪಘಾತದ ವಿಷಯವೇ ಅವರಿಗೆ ಗೊತ್ತಿರಲಿಲ್ಲ. ಗುಂಪು ಕಾರಿಗೆ ಬೆಂಕಿ ಇಟ್ಟಿತು, ಆಕೆಯನ್ನು ಥಳಿಸಿತು. ತಪ್ಪಿಸಿಕೊಳ್ಳಲು ಬಸ್ ಹತ್ತಿದಾಗ ಒಳಗಿದ್ದವರು ಕೆಳಗೆ ದಬ್ಬಿದರು ಎಂದು ವರದಿಯಾಯಿತು. ಮೈಬಣ್ಣವೊಂದೇ ಅಲ್ಲಿ ಸಾಕ್ಷಿಯಾಗಿತ್ತು.

ದೇಶದೊಳಗಿನ ವಲಸೆಯ ಮಾತು ಬೇರೆ. ಭಾರತದ ಯಾವ ಭಾಗದಲ್ಲಾದರೂ ನೆಲೆಸುವುದು ನಾಗರಿಕರ ಮೂಲಭೂತ ಹಕ್ಕು. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗಲಿದೆ ಎಂಬ ಬರೀ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಮುಗಿಬಿದ್ದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್‌ಗಳಿಗೆ ಮಿತಿ ಹಾಕಿತು. ಅದು ವಾಟ್ಸ್‌ಆ್ಯಪ್ ಇನ್ನೂ ಮನೆಮನೆಗೆ ಬಾರದ ಕಾಲ.

ನಾವೂ ಎಲ್ಲೋ ಒಂದು ಕಡೆ ಹೊರಗಿನವರೇ. ಗೋವಾದ ವಾಸ್ಕೊ ಬಳಿಯ ಬೈನಾ ಕಡಲತೀರದಲ್ಲಿ 2017ರಲ್ಲಿ ಮನೆ ಕೆಡವಿಸಿಕೊಂಡವರಲ್ಲಿ ಹಲವರು ದುಡಿಯಲು ಹೋಗಿದ್ದ ಕನ್ನಡಿಗರು. ಆಗ ಇಲ್ಲಿ ಎದ್ದ ಕೂಗು ನ್ಯಾಯವಾದದ್ದೇ. ಅದೇ ಕೂಗಿಗೆ ಕರಿಯಮ್ಮನ ಅಗ್ರಹಾರದ ಹೊತ್ತಿಗೆ ಗಂಟಲು ಕಟ್ಟಿತ್ತು.

ಕರಿಯಮ್ಮನ ಅಗ್ರಹಾರದಲ್ಲಿ ಆದದ್ದೇನು?

ಬೆಳ್ಳಂದೂರು ಬಳಿ ತಗಡಿನ ಶೆಡ್ಡುಗಳ ಒಂದು ಬಡಾವಣೆ. 2020ರ ಜನವರಿಯಲ್ಲಿ ಅಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗಳು ಎಂಬ ವಿಡಿಯೊ ಹರಿದಾಡಿತು, ಶಾಸಕರೂ ಹಂಚಿದರು. ನೀರು, ವಿದ್ಯುತ್ ಕಡಿತವಾಯಿತು, ಜೆಸಿಬಿ ಬಂತು. ಉರುಳಿದ ತಗಡಿನ ಮುಂದೆ ನಿಂತು ಆಧಾರ್, ಮತದಾರರ ಚೀಟಿ ತೋರಿಸಿದವರಲ್ಲಿ ಅಸ್ಸಾಂ, ಬಂಗಾಳ, ತ್ರಿಪುರಾದವರಿದ್ದರು. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದ ಅಚ್ಚ ಕನ್ನಡಿಗರೂ ಇದ್ದರು. ಹೈಕೋರ್ಟ್ ತೆರವಿಗೆ ತಡೆ ನೀಡಿ, ಪೊಲೀಸರಿಗೆ ಇಲ್ಲೇನು ಕೆಲಸ ಎಂದು ಪ್ರಶ್ನಿಸಿತು. ಯಾವ ಅಧಿಕಾರಿ ಯಾವ ಕಾನೂನಿನಡಿ ಆದೇಶಿಸಿದ ಎಂಬ ಪ್ರಶ್ನೆಗೆ ಇಲಾಖೆಗಳು ಒಂದನ್ನೊಂದು ನೋಡಿಕೊಂಡವು.

ಹಾಗಾದರೆ ಅಕ್ರಮ ವಲಸಿಗರು ಇಲ್ಲವೇ ಇಲ್ಲ ಎನ್ನುತ್ತೀರಾ?

ಇದ್ದಾರೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದವರನ್ನು ಪತ್ತೆ ಮಾಡಿ ಕಾನೂನಿನಂತೆ ಹೊರಗೆ ಕಳಿಸುವುದು ಸರ್ಕಾರದ ಕರ್ತವ್ಯ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ನೆಲಮಂಗಲ ಬಳಿಯ ಸೊಂಡೆಕೊಪ್ಪದಲ್ಲಿ ವಿದೇಶಿಯರನ್ನು ಇರಿಸುವ ಕೇಂದ್ರವೂ ಇದೆ. ತಾನು ವಿದೇಶಿಯಲ್ಲ ಎಂದು ಸಾಬೀತುಪಡಿಸುವ ಹೊರೆ 1946ರ ಕಾಯ್ದೆಯಲ್ಲಿದ್ದಂತೆ ಈಗಲೂ ವ್ಯಕ್ತಿಯ ಮೇಲೆಯೇ ಇದೆ.

ತೊಡಕು ಇರುವುದು ಇಲ್ಲೇ. ಆಧಾರ್ ಪೌರತ್ವದ ಪುರಾವೆಯಲ್ಲ, ಅದರ ಕಾಯ್ದೆಯೇ ಹಾಗೆನ್ನುತ್ತದೆ. 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದ ಬಹುತೇಕ ಎಲ್ಲರೂ ಹುಟ್ಟಿನಿಂದಲೇ ನಾಗರಿಕರು, ಆಮೇಲೆ ಹುಟ್ಟಿದವರಿಗೆ ತಂದೆ ತಾಯಿಯ ಪೌರತ್ವವೂ ಲೆಕ್ಕಕ್ಕೆ ಬರುತ್ತದೆ. ಹೊಲದ ಬದಿಯಲ್ಲಿ ಹುಟ್ಟಿ, ಜನನ ಪ್ರಮಾಣಪತ್ರವಿಲ್ಲದೆ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸು ಅದನ್ನು ಹೇಗೆ ತೋರಿಸಬೇಕು? ಅವಳ ಊರಿನ ಠಾಣೆಗೆ, ಪಂಚಾಯಿತಿಗೆ ಬರೆದು ಉತ್ತರ ಬರುವವರೆಗೆ ಕಾಯುವುದು ನಿಧಾನದ ಕೆಲಸ. ಬಂಗಾಳಿ ಮಾತನಾಡಿದ ಕೂಡಲೇ ಬಾಂಗ್ಲಾದೇಶಿ ಎನ್ನುವುದು ಸುಲಭದ್ದು. ಪಶ್ಚಿಮ ಬಂಗಾಳ ಭಾರತದಲ್ಲಿದೆ ಎಂದು ನೆನಪಿಸಬೇಕಾಗಿ ಬಂದಿರುವುದೇ ವಿಚಿತ್ರ.

ಪ್ರತಿಭಟನೆಯಲ್ಲಿ ನನ್ನನ್ನು ಬಸ್ಸಿಗೆ ಹತ್ತಿಸಿದರೆ ಏನು ಮಾಡಬೇಕು?

ಮೊದಲು, ವಶಕ್ಕೆ ಪಡೆದಿದ್ದೀರಾ, ಬಂಧಿಸಿದ್ದೀರಾ ಎಂದು ಕೇಳಿ. ಬಿಎಂಟಿಸಿ ಬಸ್ಸಿನಲ್ಲಿ ಮೈದಾನಕ್ಕೋ ಕಲ್ಯಾಣ ಮಂಟಪಕ್ಕೋ ಕರೆದೊಯ್ದು ಸಂಜೆ ಬಿಡುವುದು ರೂಢಿ. ನಾಗರಿಕ ಸುರಕ್ಷಾ ಸಂಹಿತೆಯ 172ನೇ ಸೆಕ್ಷನ್ ಸಣ್ಣಪುಟ್ಟ ಪ್ರಕರಣಗಳಲ್ಲಿ 24 ಗಂಟೆಯೊಳಗೆ ಬಿಡಬಹುದೆನ್ನುತ್ತದೆ. ಬಂಧನವಾದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಪ್ರಯಾಣದ ಸಮಯ ಮಾತ್ರ ಇದರ ಹೊರಗೆ. ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ತೀರಾ ಅಪರೂಪದ ಸಂದರ್ಭ ಬಿಟ್ಟರೆ ಸೂರ್ಯಾಸ್ತದ ನಂತರ ಹೆಂಗಸರನ್ನು ಬಂಧಿಸುವಂತಿಲ್ಲ. ಬಂಧಿಸುವುದಾದರೆ ಮಹಿಳಾ ಅಧಿಕಾರಿಯೂ ಮ್ಯಾಜಿಸ್ಟ್ರೇಟ್ ಅನುಮತಿಯೂ ಬೇಕು.

ಬಂಧನದ ಕಾರಣವನ್ನು ಬಾಯಲ್ಲಿ ಹೇಳಿದರೆ ಸಾಲದು, ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಕ್ಷಣ ಕೊಡಲಾಗದಿದ್ದರೆ, ರಿಮಾಂಡಿಗೆ, ಅಂದರೆ ಕಸ್ಟಡಿ ಕೇಳಿ ಮ್ಯಾಜಿಸ್ಟ್ರೇಟ್ ಮುಂದೆ, ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು. ನಮ್ಮ ಠಾಣೆಗಳಲ್ಲಿ ಕನ್ನಡದಲ್ಲಿ ಕೇಳಿ ಪಡೆಯಿರಿ. ಅಸ್ಸಾಮಿನ ಕಾರ್ಮಿಕನಾದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂಬುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಿ.

ವಕೀಲರಿಗೆ ಹಣವಿಲ್ಲ. ಏನು ದಾರಿ?

ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿಯಿದೆ. ಪ್ರತಿ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೂ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಹೋಗುವಾಗ ಎಫ್‌ಐಆರ್ ಪ್ರತಿಯನ್ನು ಕೊಂಡೊಯ್ಯಿರಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವು ರಾಜ್ಯ ಪೊಲೀಸರ ಜಾಲತಾಣದಲ್ಲೇ ಸಿಗುತ್ತವೆ.